ಬೇಬಕ್ಕನ ಜಾಗ ಒರಾವಿಯಾದಲ್ಲಿ ಉಂಟು

1

ಎಲ್ಲಿಂದ ಶುರು ಮಾಡುವುದು?

'ಕಾಪು ಕಡಲಲ್ಲಿ ಸೂರ್ಯ ಮುಳುಗುತ್ತಿದ್ದ' ಎಂದು ಬರೆದೆ. ಅಳಿಸಿದೆ. ಸೂರ್ಯ ದಿನಾ ಮುಳುಗುತ್ತಾನೆ, ಅದಕ್ಕೆ ಕಥೆಯೇ ಬೇಕೆಂದಿಲ್ಲ. 'ಒಡೆತನ ಎಂದರೇನು?' ಎಂದು ಬರೆದೆ. ಸೆಮಿನಾರಿನ ವಾಸನೆ ಬಂತು. ಅದನ್ನೂ ಅಳಿಸಿದೆ.

"ಸೀದಾ ನನ್ನ ಹೆಸರು ಹೇಳಿ ಶುರು ಮಾಡಿ ಮಾರಾಯ್ರೆ. ಓದುವವರಿಗೆ ಬೇರೆ ಕೆಲಸ ಇಲ್ವಾ?" ಎಂದಳು ಬೇಬಕ್ಕ.

ಸರಿ. ಬೇಬಕ್ಕ ಬೆಳ್ಮಣ್ಣಿನವಳು. ಪೇಟೆಯಲ್ಲಿ ರವಕೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮದುವೆಯಾಗಿಲ್ಲ, ವಾಸ ಅಣ್ಣ ಕರುಣಾಕರನ ಮನೆಯಲ್ಲಿ.

[ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೆ ಒಂದಿಡೀ ಪುಟ ಬರೆದಿದ್ದೆ. "ಅದು ಬೇರೆ ಕಥೆ. ಅದಕ್ಕೆ ಬೇರೆ ರೇಟು" ಎಂದು ಬೇಬಕ್ಕ ತೆಗೆಸಿದಳು.]

2

ಕಳೆದ ವರ್ಷ ಅವಳು ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಮಣಿಪಾಲದಲ್ಲಿ ಓದುತ್ತಿರುವ ಅಣ್ಣನ ಮಗಳು ಆಶ್ರಿತಾ ಭಾನುವಾರ ಬಂದು, "ಮಾಮಿ, ಸೀರಿಯಲ್ ನೋಡಿ ತಲೆ ಹಾಳು ಮಾಡ್ಬೇಡಿ" ಎಂದು ತನ್ನ ಹಳೆಯ ಲ್ಯಾಪ್‌ಟಾಪನ್ನು ಅವಳ ಮಡಿಲಲ್ಲಿಟ್ಟಳು. ಅದರೊಳಗೆ ಒರಾವಿಯಾ ಎಂಬ ಆನ್‌ಲೈನ್ ಲೋಕ. ಅಲ್ಲಿ ನಿಮಗೊಂದು ದೇಹ ಸಿಗುತ್ತದೆ. ನಡೆಯಬಹುದು, ಹಾರಬಹುದು, ದುಡ್ಡು ಕೊಟ್ಟು ಜಾಗ ತೆಗೆದು ಮನೆ ಕಟ್ಟಬಹುದು.

ಕುವೈಟಿನಿಂದ ಮರಳಿದ ಕಾಪುವಿನ ಓಸ್ವಾಲ್ಡ್, ಅಗ್ಗವಿದ್ದ ಕಾಲದಲ್ಲೇ ಒರಾವಿಯಾದ ಒಂದು ಬೀದಿಯನ್ನೇ ಖರೀದಿಸಿದ್ದರು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿ ಊರಿನವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಬೇಬಕ್ಕ ಒಂದು ತುಂಡು ಹಿಡಿದಳು. ಸಮುದ್ರಕ್ಕೆ ಮುಖ ಮಾಡಿ ಒಂದೇ ಕೋಣೆಯ ಮನೆ ಕಟ್ಟಿದಳು. ಅಂಗಳದಲ್ಲಿ ಮಲ್ಲಿಗೆ ಗಿಡ ಇಟ್ಟಳು.

ಅವಳಿಗೆ ಹಾರುವುದರಲ್ಲಿ ಆಸಕ್ತಿ ಇರಲಿಲ್ಲ. ಬಾಗಿಲಿನಲ್ಲಿತ್ತು. ಅಣ್ಣನ ಮನೆಯಲ್ಲಿ ಅವಳ ಕೋಣೆಗೆ ಅಕ್ಕಿಚೀಲ, ಕೆಟ್ಟುಹೋದ ಮಿಕ್ಸಿ, ಉಳಿಯಲು ಬಂದ ನೆಂಟರು ಎಲ್ಲರೂ ಕೇಳದೆಯೇ ಬರುತ್ತಿದ್ದರು. ಒರಾವಿಯಾದಲ್ಲಿ ಅವಳು "ಸರಿ" ಎಂದು ಒತ್ತಿದರೆ ಮಾತ್ರ ಒಳಗೆ ಬರಬಹುದು. ಜರ್ಮನಿಯ ಹೆಂಗಸೊಬ್ಬಳು ಆಗಾಗ ಬಂದು ಹೊರಗೆ ಕಾಯುತ್ತಿದ್ದಳು. ಬೇಬಕ್ಕ ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸುತ್ತಿದ್ದಳು.

ಆಗ ಓಸ್ವಾಲ್ಡರ ಮೆಸೇಜು ಬಂತು: ಬೀದಿಯನ್ನು ಮಾರುತ್ತಿದ್ದೇನೆ, ಎಲ್ಲರೂ ಖಾಲಿ ಮಾಡಬೇಕು.

4

[ಮೂರು ಎಲ್ಲಿ? ಮೂರರಲ್ಲಿ ಬೇಬಕ್ಕ ರಾತ್ರಿಯಿಡೀ ಅತ್ತಳು ಎಂದು ಬರೆದಿದ್ದೆ. "ನಾನು ಅಳಲಿಲ್ಲ, ಮೀನು ಸಾರು ಮಾಡಿದೆ" ಎಂದಳು. ಹಾಗಾಗಿ ಮೂರು ಇಲ್ಲ.]

ಪ್ಲಾಸ್ಟರ್ ತೆಗೆದಾಗಿತ್ತು. ಅವಳು ಆಶ್ರಿತಾಳನ್ನು ಕರೆದುಕೊಂಡು ಶಿರ್ವದ ಮೇಲಿಂದ ಹೋಗುವ ಬಸ್ಸು ಹತ್ತಿ ಕಾಪುವಿಗೆ ಹೋದಳು. ಓಸ್ವಾಲ್ಡ್ ಬರ್ಮುಡಾ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು.

"ನನ್ನ ಜಾಗವನ್ನು ನನಗೇ ಕೊಡಿ. ರೇಟು ಹೇಳಿ."

ಓಸ್ವಾಲ್ಡ್ ಹೇಳಿದರು. ಆ ದುಡ್ಡಿಗೆ ಕುಕ್ಕುಂದೂರಿನಲ್ಲಿ ಅರ್ಧ ಸೆಂಟ್ಸ್ ನಿಜವಾದ ಮಣ್ಣೇ ಸಿಗುತ್ತಿತ್ತು.

"ಗಾಳಿಗೆ ಇಷ್ಟು ರೇಟಾ?"

"ಸಮುದ್ರ ಕಾಣುವ ಜಾಗ ಅಲ್ವಾ ಬೇಬಕ್ಕ."

"ನಿಮ್ಮ ಜಗಲಿಯಿಂದಲೂ ಸಮುದ್ರ ಕಾಣ್ತದೆ."

"ಇಲ್ಲಿ ಉಪ್ಪುಗಾಳಿಗೆ ಗೇಟು ತುಕ್ಕು ಹಿಡಿಯುತ್ತದೆ. ಅಲ್ಲಿ ಆ ತೊಂದರೆ ಇಲ್ಲ."

ಬೇಬಕ್ಕ ಕ್ರಯದ ಪತ್ರ ಕೇಳಿದಳು. ಪತ್ರ ಇರಲಿಲ್ಲ, ಇದ್ದದ್ದು ಕಂಪೆನಿಯ ನಲವತ್ತು ಪುಟದ ಷರತ್ತು. ಓಸ್ವಾಲ್ಡ್ ಅದನ್ನು ಓದಿರಲಿಲ್ಲ, 'ಐ ಅಗ್ರೀ' ಒತ್ತಿದ್ದರು ಅಷ್ಟೇ. ಆಶ್ರಿತಾ ಅಲ್ಲೇ ಕುಳಿತು ಒಂದೊಂದೇ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಕಾಫಿ ಬಂತು, ಆರಿತು. ಹನ್ನೊಂದನೇ ಪುಟದಲ್ಲಿ ಅವಳು ನಿಂತಳು.

"ಜಾಗ ತೆಗೆದವರಿಗೆ ಬಳಸುವ ಅನುಮತಿ ಮಾತ್ರ. ಓನರ್‌ಶಿಪ್ ಯಾವಾಗಲೂ ಕಂಪೆನಿಯದ್ದೇ. ಕಂಪೆನಿ ಯಾವಾಗ ಬೇಕಾದರೂ ಒರಾವಿಯಾವನ್ನು ಮುಚ್ಚಬಹುದು, ಮಾಮಿ."

ಓಸ್ವಾಲ್ಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದರೆ ನಾನು ಯಾರು?"

"ನೀವೂ ಬಾಡಿಗೆಯವರೇ ಓಸ್ವಾಲ್ಡರೇ," ಎಂದಳು ಬೇಬಕ್ಕ, ಸಮಾಧಾನ ಹೇಳುವಂತೆ. "ಸ್ವಲ್ಪ ದೊಡ್ಡ ಬಾಡಿಗೆಯವರು."

ರೇಟು ಅರ್ಧಕ್ಕಿಳಿಯಿತು. ಬೇಬಕ್ಕ ಒಪ್ಪಿದಳು.

[ಇಲ್ಲಿ ನಾನು ಅವಳನ್ನು ತಡೆದೆ. ಎಲ್ಲ ಗೊತ್ತಾದ ಮೇಲೂ ತೆಗೆದರೆ ಓದುಗರು ನಂಬುವುದಿಲ್ಲ ಎಂದೆ. "ಎಂತ ಸಿಗುವುದಿಲ್ಲ ಅಂತ ಕಂಪೆನಿಯವರು ಮೊದಲೇ ಬರೆದು ಇಟ್ಟಿದ್ದಾರೆ. ಇಷ್ಟು ಮರ್ಯಾದೆಯಲ್ಲಿ ನನಗೆ ಇದುವರೆಗೆ ಯಾರೂ ಹೇಳಿಲ್ಲ" ಎಂದಳು. ಮುಂದೆ ಬರೆದೆ.]

5

"ಗಾಳಿಯಲ್ಲಿ ಜಾಗ ತೆಗೆದಿದ್ದಾಳಂತೆ" ಎಂದು ಕರುಣಾಕರ ಬೆಳ್ಮಣ್ ಪೇಟೆಯಿಡೀ ಹೇಳಿ ನಗಾಡಿದ. ಬೇಬಕ್ಕನೂ ನಕ್ಕಳು. ಕೆಲವು ವಾರ ಕಳೆದ ಮೇಲೆ ಅವನೇ ಬಂದು, "ನಾಳೆ ಕಾರ್ಕಳಕ್ಕೆ ಹೋಗಿ ಬರುವ. ಅಪ್ಪನ ಜಾಗದ್ದು ಒಂದು ಸೈನ್ ಉಂಟು, ಬರೀ ಫಾರ್ಮಾಲಿಟಿ" ಎಂದ.

ಕಾರ್ಕಳದಲ್ಲಿ ದಸ್ತಾವೇಜು ಬರೆಯುವವನು ಹಕ್ಕು ಬಿಡುಗಡೆ ಪತ್ರವನ್ನು ತಯಾರು ಮಾಡಿಟ್ಟಿದ್ದ. ಬೆರಳಿನಿಂದ ಜಾಗ ತೋರಿಸಿ, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದ.

"ಒಮ್ಮೆ ಓದಿ ಹೇಳಿ."

"ಅದೆಲ್ಲ ಎಂತಕ್ಕೆ ಬೇಬಿ? ಅವರಿಗೆ ಬೇರೆ ಜನ ಉಂಟು" ಎಂದ ಕರುಣಾಕರ.

"ಗಾಳಿಯ ಜಾಗಕ್ಕೇ ನಲವತ್ತು ಪುಟ ಓದಿಸಿದ್ದೇನೆ ಅಣ್ಣ. ಇದು ಮಣ್ಣಿನದ್ದು. ಓದಲಿ."

ಬರೆಯುವವನು ಓದಿದ. 'ಯಾವುದೇ ಪ್ರತಿಫಲ ಪಡೆಯದೆ, ಸ್ವಸಂತೋಷದಿಂದ, ನನ್ನ ಸಂಪೂರ್ಣ ಹಕ್ಕನ್ನು...'

"ನಿಲ್ಲಿಸಿ. ಸಂತೋಷ ಯಾರದ್ದು?"

"ನಿಮ್ಮದು ಅಕ್ಕ."

"ನನಗೆ ಸಂತೋಷ ಆಗಿದೆ ಅಂತ ನಿಮಗೆ ಯಾರು ಹೇಳಿದ್ದು? ಆ ಶಬ್ದ ತೆಗೆಯಿರಿ."

"ಅದಿಲ್ಲದೆ ಪತ್ರ ಆಗುವುದಿಲ್ಲ."

"ಹಾಗಾದರೆ ಸೈನೂ ಆಗುವುದಿಲ್ಲ."

ಅಣ್ಣನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಮೇಜಿನ ಮೇಲಿದ್ದ ಅಂಟಿನ ಬಾಟಲಿಯನ್ನೇ ನೋಡುತ್ತಾ ಎದ್ದು ಹೊರಗೆ ಬಂದಳು.

6

ಈಗ ಮುಗಿಸಬೇಕು. ಒಂದು: ಕರುಣಾಕರ ಕಣ್ಣೀರಿಟ್ಟು ಐದು ಸೆಂಟ್ಸ್ ಬರೆದುಕೊಡುತ್ತಾನೆ. ("ಅಣ್ಣ ಅಳುವುದಾ? ನೀವು ಅವನನ್ನು ನೋಡಿದ್ದೀರಾ?") ಎರಡು: ಉಡುಪಿ ಕೋರ್ಟು, ವಕೀಲರು, ಹತ್ತು ವರ್ಷ. ("ಆಶ್ರಿತಾ ಮದುವೆಗೆ ನಾನು ಹೋಗುವುದು ಬೇಡ್ವಾ?") ಮೂರು: ಕಂಪೆನಿ ಒರಾವಿಯಾವನ್ನು ಮುಚ್ಚುತ್ತದೆ. ("ಬಾಯಿಗೆ ಬಂದದ್ದು ಬರೀಬೇಡಿ.")

"ಮತ್ತೆ ಎಂತ ಆಯಿತು ಹೇಳಿ" ಎಂದೆ.

"ಎಂತ ಆಗುವುದು? ಬಸ್ಸು ಹತ್ತಿದೆ. ಅಣ್ಣನಿಗೂ ಅದೇ ಬಸ್ಸು."

ಅವಳು ಮುಂದಿನ ಸೀಟಿನಲ್ಲಿ ಕುಳಿತಳು, ಅವನು ಹಿಂದೆ. ಕಂಡಕ್ಟರ್ ಬಂದಾಗ ಹಿಂದಿನಿಂದ ಕರುಣಾಕರ, "ಎರಡು ಬೆಳ್ಮಣ್" ಎಂದು ನೋಟು ಚಾಚಿದ. ಅದೇ ಹೊತ್ತಿಗೆ ಬೇಬಕ್ಕ ಪರ್ಸಿನಿಂದ ನೋಟು ತೆಗೆದು ಚಾಚಿ, "ಒಂದು ಬೆಳ್ಮಣ್" ಎಂದಳು.

ಕಂಡಕ್ಟರ್ ನಡುವೆ ನಿಂತು ಇಬ್ಬರನ್ನೂ ನೋಡಿದ.

"ಯಾರ ದುಡ್ಡು ತೆಗೆದುಕೊಂಡ?" ಎಂದು ಕೇಳಿದೆ.

"ಅಷ್ಟಕ್ಕೇ ಬಿಡಿ ಮಾರಾಯ್ರೆ" ಎಂದಳು ಬೇಬಕ್ಕ. ಬಸ್ಸು ತಿರುವಿನಲ್ಲಿ ವಾಲಿತು; ಕಂಡಕ್ಟರ್ ಬೀಳದಂತೆ ಕಂಬಿ ಹಿಡಿದುಕೊಂಡ. ನೋಟು ಹಿಡಿದ ಎರಡೂ ಕೈಗಳು ಇನ್ನೂ ಚಾಚಿಕೊಂಡೇ ಇವೆ.