ನಫೂಸಾ ಬಾಯಿ ಬಿಟ್ಟ ದಿನ

ನಫೂಸಾ ಬದುಕಿರುವವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಎದುರಿಗೆ ಕೊತ್ವಾಲನೇ ಬಂದು ನಿಂತರೂ ಅವನ ಬೆರಳಗೆಣ್ಣುಗಳಿಗೆ ಸಲಾಮು ಹೇಳಿ, ಎಡಗಾಲನ್ನು ತುಸು ಎಳೆದುಕೊಂಡು, ಕೊಪ್ಪರಿಗೆ ಕಾಯಿಸುವವರು ತೊಡುವಂಥ ಎಣ್ಣೆಬಟ್ಟೆಯ ಕರಿ ನಿಲುವಂಗಿಯನ್ನು ಮೀನಖಂಡಕ್ಕೆ ಬಡಿಸಿಕೊಳ್ಳುತ್ತ, ಕೈರೋದ ನಮ್ಮ ಕೇರಿಯ ಗೋಡೆಯಂಚಿಗೇ ನಡೆದುಹೋಗುತ್ತಿದ್ದಳು. ಹೆಂಗಸರ ಹೆಣ ತೊಳೆಯುವುದು ಅವಳ ಕಸುಬು.

ಫರಂಗಿಗಳ ದಂಡನ್ನು ಉಗಿಯಿಂದ ನಡೆಯುವ ನಮ್ಮ ಲೋಹದಾನೆಗಳು ಕಡಲಿಗೆ ತಳ್ಳಿದ ಮೇಲಿನ ಕಾಲ ಅದು. ಜಿನ್ನಿಗಳನ್ನು ಕೊಪ್ಪರಿಗೆಯಲ್ಲಿ ಕಟ್ಟಿಹಾಕಿ, ಬೀಸುವುದರಿಂದ ಹಿಡಿದು ಬೆನ್ನುಜ್ಜುವವರೆಗೆ ದುಡಿಸುತ್ತಿದ್ದೆವು. ಹೆಣ ತೊಳೆಯುವುದಕ್ಕೆ ಮಾತ್ರ ಮನುಷ್ಯರ ಕೈಯೇ ಬೇಕಿತ್ತು. ಆ ಕೈ ಮುಟ್ಟಿದ್ದು, ಕಣ್ಣು ಕಂಡದ್ದು ಹೆಣದ ಜೊತೆಗೇ ಮಣ್ಣಾಗಬೇಕೆಂಬುದು ಕಟ್ಟುಕಟ್ಟಳೆ. ಕಸಾಯಿಯ ಹೆಂಡತಿ ಒಮ್ಮೆ ಅವಳ ಪಕ್ಕ ಕೂತು, "ಖಾಲಾ, ನಮ್ಮತ್ತೆ ಬೆನ್ನ ಮೇಲೆ ಹಚ್ಚೆ ಇತ್ತಂತಲ್ಲ, ಗಂಡನ ಹೆಸರಲ್ವಂತೆ?" ಎಂದು ಕೆದಕಿದಳು. "ನಿನ್ನ ಸರದಿ ಬಂದಾಗ ನಿಂದೂ ಯಾರಿಗೂ ಹೇಳಲ್ಲ. ಅಷ್ಟೇ, ಮುಗೀತು," ಎಂದಳು ನಫೂಸಾ. ಕಸಾಯಿಯ ಹೆಂಡತಿ ಒಂದು ತಿಂಗಳು ಆ ದಾರಿ ಹಾಯಲಿಲ್ಲ.

ಅಂಥವಳನ್ನು ಗುಲ್ಸುನ್ ಖಾತೂನಳ ಹೆಣಕ್ಕೆ ಕರೆದರು. ಸಿರಿವಂತ ವಿಧವೆ ಹಮ್ಮಾಮಿನ ಬಿಸಿಸ್ನಾನದ ಕೋಣೆಯಲ್ಲಿ ಬೋರಲು ಬಿದ್ದಿದ್ದಳು. ಬೆನ್ನು ಬೆಂದಿತ್ತು. ಒಳಗೆ ಜಿನ್ನಿ ಕಟ್ಟಿದ್ದ, ಬೆನ್ನುಜ್ಜುವ ಹಿತ್ತಾಳೆಯ ದಾಸಿ ಅವಳ ಮೇಲೆಯೇ ಬಾಗಿ ಬುಸುಗುಡುತ್ತ ನಿಂತಿತ್ತು. ಜಿನ್ನಿ ಕೊಂದರೆ ಅದನ್ನು ಕಟ್ಟಿದವನೇ ಹೊಣೆ. ಹಿತ್ತಾಳೆ ದಾಸಿಯನ್ನು ಮಾಡಿದ ಉಸ್ತಾ ಬದವಿಯನ್ನು ಮಧ್ಯಾಹ್ನದ ನಮಾಜಾದ ಮೇಲೆ ನೇಣಿಗೆ ಹಾಕುವುದೆಂದು ಕಾಜಿ ತೀರ್ಪು ಕೊಟ್ಟಾಗಿತ್ತು.

ಹೆಣ ತೊಳೆಯುವಾಗ ಸತ್ತವಳ ಹತ್ತಿರದ ಹೆಂಗಸು ನೀರು ಹೊಯ್ಯಬೇಕು. ಸೊಸೆ ವಜೀದಾ ತಂಬಿಗೆ ಹಿಡಿದಳು. ಮೊದಲು ಬಲಮಗ್ಗಲು, ಆಮೇಲೆ ಎಡಮಗ್ಗಲು. ನಫೂಸಾ ಬೆನ್ನಿನ ಹತ್ತಿರಕ್ಕೆ ಬಗ್ಗಿ ನೋಡಿದಳು. ಸಿಪ್ಪೆಯಂತೆ ತೊಗಲು ಸುಲಿದಿತ್ತು, ಒಂದು ಬೊಕ್ಕೆಯೂ ಎದ್ದಿರಲಿಲ್ಲ.

"ಕುತ್ತಿಗೆ ಹಿಂದೆ ಹೊಯ್ಯಮ್ಮಾ."

"ಹೊಯ್ದೆನಲ್ಲ ಖಾಲಾ."

"ಇನ್ನೊಂದ್ಸಲ."

ತಂಬಿಗೆ ಗಾಳಿಯಲ್ಲೇ ನಿಂತಿತು. ನಫೂಸಾ ಆ ಕೈಯನ್ನೇ ನೋಡಿದಳು. ಹೆಬ್ಬೆರಳ ತುದಿಯಲ್ಲಿ ಸೂಜಿ ಒತ್ತಿದ ಹಸಿ ಗುಳಿ. ನಫೂಸಾ ತಾನೇ ಖಾತೂನಳ ಹೆರಳು ಬಿಡಿಸಿ ತಡವಿದಳು. ಹಿಂದಲೆಯ ತಗ್ಗಿನಲ್ಲಿ ಎಳ್ಳುಕಾಳಿನಷ್ಟು ಹಿತ್ತಾಳೆ ಬೆರಳಿಗೆ ತಾಗಿತು. ಜರಿ ಹೊಲಿಯುವ ಸೂಜಿಯ ತಲೆ. ವಜೀದಾಳ ಮದುವೆಯಲ್ಲಿ ಅವಳು ಉಂಡು ಬಂದಿದ್ದಳು.

ಹೆಣಕ್ಕೆ ಬಟ್ಟೆ ಹೊದಿಸಿ, ಒದ್ದೆ ತೋಳಿನಲ್ಲೇ ಕಾಲೆಳೆದುಕೊಂಡು ಕಾಜಿಯ ಅಂಗಳಕ್ಕೆ ಹೋದಳು. ಕಾಜಿ ಗದರಿದ: "ಹೆಣದ ಗುಟ್ಟು ಹೇಳಬಾರದು ಅಂತ ನಿನಗೆ ಗೊತ್ತಿಲ್ವೇನಮ್ಮಾ?"

"ನಲವತ್ತು ವರ್ಷದಿಂದ ಗೊತ್ತು ಹುಜೂರ್. ಉಸಿರಿದ್ದ ಮೈ ಬೆಂದ್ರೆ ಬೊಕ್ಕೆ ಏಳುತ್ತೆ. ಈಕೆ ಸತ್ತ ಮೇಲೆ ಬೆಂದಿದ್ದು. ಹಿಂದಲೆ ನೋಡಿಸಿ."

ಕಾಜಿ ಕಳಿಸಿದ ಸೂಲಗಿತ್ತಿಯರು ಹೋಗಿ ಸೂಜಿ ತಂದರು, ಹೆಬ್ಬೆರಳಲ್ಲಿ ಗುಳಿಯಿದ್ದ ವಜೀದಾಳನ್ನೂ ಕರೆತಂದರು. ವಜೀದಾ ಅಳಲಿಲ್ಲ. "ನನ್ನ ಮೇಲೆ ಸವತಿ ತರ್ತೀನಿ ಅಂದ್ರು. ಬೆನ್ನು ತಿರುಗಿಸಿ ಸೋಪು ಕೇಳಿದ್ರು. ಒಂದೇ ಸಲ ಚುಚ್ಚಿದೆ. ಆಮೇಲೆ ಹಿತ್ತಾಳೆ ದಾಸಿಯ ಕೀಲಿ ತಿರುವಿದೆ," ಎಂದಳು, ಅಡುಗೆ ಹೇಗೆ ಮಾಡಿದೆನೆಂದು ಹೇಳುವ ದನಿಯಲ್ಲಿ.

ಬದವಿ ಸಂಕೋಲೆ ಕಳಚಿಸಿಕೊಂಡು ಬಂದು ನಫೂಸಾಳ ಪಾದಕ್ಕೆ ಬಿದ್ದ. ಕೇರಿಯೆಲ್ಲ ಅವಳನ್ನು ಹೊಗಳಿತು. ಹೊಗಳಿದ ಕೇರಿಯಲ್ಲಿ ಆಮೇಲೆ ಹನ್ನೊಂದು ಹೆಂಗಸರು ಸತ್ತರು, ಒಬ್ಬರ ಮನೆಯಿಂದಲೂ ಕರೆ ಬರಲಿಲ್ಲ. ಹನ್ನೆರಡನೆಯವಳು ಬದವಿಯ ತಾಯಿ. ಅವನು ನದಿಯಾಚೆಯಿಂದ ಬೇರೊಬ್ಬಳನ್ನು ಕರೆಸಿ, ನಫೂಸಾಳ ಬಾಗಿಲ ಮುಂದೆ ತಲೆ ತಗ್ಗಿಸಿ ನಿಂತ. "ಹೆಂಗಸರು ಒಪ್ಪಲಿಲ್ಲ ಖಾಲಾ. ಒಂದು ಸಲ ಹೇಳಿದ ಬಾಯಿ ಅಂತಾರೆ."

"ಸರಿಯಾಗೇ ಅಂತಾರಪ್ಪ," ಎಂದಳು ಅವಳು. "ನೀರು ಉಗುರುಬೆಚ್ಚಗಿರಲಿ ಅಂತ ಆಕೆಗೆ ಹೇಳು. ನಿಮ್ಮಮ್ಮನಿಗೆ ಚಳಿ ಜಾಸ್ತಿ."

ಗುಟ್ಟು ಕಾಯುವ ಜನವನ್ನು ಊರು ಬಾವಿಯಂತೆ ನಂಬುತ್ತದೆ. ಒಂದು ಜೀವ ಉಳಿಸಲೆಂದೇ ಅವರು ಬಾಯಿ ತೆರೆದರೂ, ಅವರೆದುರು ಮುಚ್ಚುವ ಬಾಗಿಲುಗಳಲ್ಲಿ ಅವರು ಉಳಿಸಿದ ಜೀವದ ಮನೆಯ ಬಾಗಿಲೂ ಒಂದು. ಇದನ್ನು ಮೊದಲೇ ಬಲ್ಲವರು ಅವರೊಬ್ಬರೇ. ಬಲ್ಲವರಾಗಿಯೂ ಹೇಳುತ್ತಾರೆ.