ರಕ್ಷಾ ಬಿಟ್ಟುಹೋದ ಆರು ಫೈಲು

ಸಾಗರದ ನಮ್ಮ ಟ್ರಸ್ಟಿನ ಮಹಡಿ ಕೋಣೆಯಲ್ಲಿ ಹಳೆಯ ಕೈಬರಹದ ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಮಾರ್ಚಿನವರೆಗೆ ನಾವಿಬ್ಬರಿದ್ದೆವು. ರಕ್ಷಾ ತೀರ್ಥಹಳ್ಳಿಯ ಸಹಕಾರಿ ಸಂಘಕ್ಕೆ ಸೇರಿದ ಮೇಲೆ ಉಳಿದದ್ದು ನಾನು, ಲಿನಕ್ಸ್ ಹಾಕಿದ ಒಂದು ಕಂಪ್ಯೂಟರು, ಅವಳ ಕುರ್ಚಿ.

ಕಂಪ್ಯೂಟರ್ ಕೆಟ್ಟಾಗ ಮಾತ್ರ ಅವಳಿಗೆ ಫೋನ್ ಮಾಡುತ್ತೇನೆ. ಸುಮ್ಮನೆ ಮಾಡಿ ಏನು ಹೇಳುವುದೆಂದು ನನಗೆ ತಿಳಿಯುವುದಿಲ್ಲ. "ಎಂತ ಕೆಟ್ಟಿತೇ ಬ್ರಾಹ್ಮಿ?" ಎಂದೇ ಅವಳು ಶುರು ಮಾಡುವುದು. ಜೂನಿನಿಂದ ಏನೂ ಕೆಟ್ಟಿರಲಿಲ್ಲ.

ಸೋಮವಾರ ಸಿಸ್ಟಮ್ ಅಪ್‌ಡೇಟ್ ಆದದ್ದೇ, ಸ್ಕ್ಯಾನ್ ಮಾಡುವ ಪ್ರೋಗ್ರಾಂ ತೆರೆಯಲಿಲ್ಲ. ಗಾಬರಿಯಾಗಬೇಕಿತ್ತು. ನಾನು ಖುಷಿಯಿಂದ ಫೋನ್ ಎತ್ತಿಕೊಂಡೆ.

ಟ್ರಸ್ಟ್ ನೋಡಿಕೊಳ್ಳುವ ಪುಷ್ಪರಾಜಣ್ಣ ಬಾಗಿಲಲ್ಲಿದ್ದರು. ಯಾರದೋ ಮನೆಯಿಂದ ಒಂದೇ ದಿನಕ್ಕೆಂದು ಕೇಳಿ ತಂದ ಪುಸ್ತಕ ಅವರ ಕಂಕುಳಲ್ಲಿತ್ತು.

"ಮತ್ತೆ ರಕ್ಷಾಗೆ? ಎಷ್ಟಂತ ಕಾಡ್ತೀಯ ಆ ಹುಡುಗೀನ. ಅವಳಿಗೂ ಅಲ್ಲಿ ಕೆಲಸ ಇರ್ತದೆ."

"ಇಲ್ಲಣ್ಣ, ನಾನೇ ನೋಡ್ತೀನಿ," ಎಂದುಬಿಟ್ಟೆ.

ಪ್ರೋಗ್ರಾಂ ನಡೆಯಲು ಬೇಕಾದ, ಲೈಬ್ರರಿ ಎಂದು ಕರೆಯುವ ಸಹಾಯಕ ಫೈಲುಗಳನ್ನು ಎಲ್ಲಿಂದ ಎತ್ತಿಕೊಳ್ಳುತ್ತಿದೆಯೆಂದು ಪಟ್ಟಿ ತೆಗೆದೆ. ಆರು ಫೈಲು 'ಲೋಕಲ್' ಎಂಬ ಫೋಲ್ಡರಿನಿಂದ ಬರುತ್ತಿದ್ದವು. ಅಪ್‌ಡೇಟ್ ತಂದ ಅದೇ ಹೆಸರಿನ ಹೊಸ ಫೈಲುಗಳು ತಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದವು. ಆದರೆ ಸಿಸ್ಟಮ್ ಮೊದಲು ಹುಡುಕುವುದು ಲೋಕಲ್‌ನಲ್ಲಿ. ಹಳೆಯ ಪ್ರತಿ ಸಿಕ್ಕಿತೆಂದು ಅಲ್ಲಿಗೇ ನಿಂತುಬಿಡುತ್ತಿತ್ತು; ಹೊಸದಾದ ಸಿಸ್ಟಮ್‌ಗೆ ಅದು ಹೊಂದುತ್ತಿರಲಿಲ್ಲ. ಆ ಪ್ರತಿಗಳ ದಿನಾಂಕ ನೋಡಿದೆ. ಮಾರ್ಚ್ ಹದಿನಾಲ್ಕು, ಸಂಜೆ ಐದೂ ಮುಕ್ಕಾಲು.

ಅದು ರಕ್ಷಾಳ ಕೊನೆಯ ದಿನ. ಅಂದೂ ಸ್ಕ್ಯಾನರ್ ಹಟ ಹಿಡಿದಿತ್ತು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಬಿಟ್ಟು ಕೂತು, ಎಲ್ಲಿಂದಲೋ ಫೈಲುಗಳನ್ನು ತಂದು ತುಂಬಿ, "ಸದ್ಯಕ್ಕೆ ನಡೀತದೆ. ನಾಳೆ ನೀನೊಬ್ಳೇ ಒದ್ದಾಡೋದು ಬೇಡ ಮಾರಾಯ್ತಿ," ಎಂದಿದ್ದಳು.

ಅಳಿಸಲು ಕೈ ಬರಲಿಲ್ಲ. ಬೇರೊಂದು ಫೋಲ್ಡರ್ ಮಾಡಿ ಆರನ್ನೂ ಅಲ್ಲಿಗೆ ಸರಿಸಿದೆ. ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿ ಮಾಡಿಸಿದೆ. ಪ್ರೋಗ್ರಾಂ ತೆರೆಯಿತು, ಸ್ಕ್ಯಾನರಿನ ದೀಪ ಹತ್ತಿತು.

"ಇಷ್ಟು ಬರ್ತಿತ್ತಾ ನಿಂಗೆ?" ಎಂದರು ಪುಷ್ಪರಾಜಣ್ಣ. "ಇನ್ನು ಅವಳು ಪಾರಾದ್ಲು ಬಿಡು."

ಕೊನೆಯ ಪುಟ ಮುಗಿದಾಗ ನಾಲ್ಕು ಗಂಟೆ. ಅವರು ಪುಸ್ತಕ ತೆಗೆದುಕೊಂಡು ಹೋದರು. ಎಲ್ಲ ಸರಿಯಾಗಿತ್ತು. ಅವಳಿಗೆ ಹೇಳಲು ಒಂದು ದೂರೂ ಉಳಿದಿರಲಿಲ್ಲ. ಎರಡು ಸಲ ನಂಬರ್ ತೆಗೆದು ಮುಚ್ಚಿದೆ. ಮೂರನೆಯ ಸಲ ಒತ್ತಿದೆ.

"ಎಂತ ಕೆಟ್ಟಿತೇ ಈಗ?"

"ಎಂತದೂ ಕೆಟ್ಟಿಲ್ಲ."

ಆ ಕಡೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಅವಳು ಕುರ್ಚಿ ಸರಿಸಿದ ಸದ್ದು ಕೇಳಿತು.

"ತಡಿ," ಎಂದಳು, "ಹೊರಗೆ ಬರ್ತೀನಿ."