ಒಂದೇ ಉದ್ದದ ದಾರ

ನಾನು ಕಟ್ಟಿದ ಲೋಲಕಗಳ ಮುಂದೆ ಪುಷ್ಪಲತಾಳ ಹೆಸರಿನ ಚೀಟಿ ಇಟ್ಟಿದ್ದಾರೆ. ತಯಾರಿಸಿದವರು ಕುಮಾರಿ ಪುಷ್ಪಲತಾ, ಹತ್ತನೇ ತರಗತಿ, ಕೊಟ್ಟೂರು, ಅಷ್ಟೇ, ಕೆಳಗೆ ಬೇರೆ ಸಾಲಿಲ್ಲ — ಮತ್ತು ಅವಳ ಕಿವಿಯಲ್ಲಿ ಲೋಲಾಕು ಆಡುತ್ತಿವೆ, ಬಂಗಾರದವು, ತುದಿಗೆ ಕೆಂಪು ಹರಳು, ಅವಳು ಬಾಗಿಲ ಕಡೆ ತಲೆ ತಿರುಗಿಸಿದಾಗ ಒಮ್ಮೆ ಜೋರಾಗಿ, ಆಮೇಲೆ ಸಣ್ಣಗೆ, ಇನ್ನೂ ಸಣ್ಣಗೆ, ಆದರೆ ಜೋರಾಗಿ ಆಡುವಾಗಲೂ ಸಣ್ಣಗೆ ಆಡುವಾಗಲೂ ಒಮ್ಮೆ ಹೋಗಿಬರಲು ಹಿಡಿಯುವ ಹೊತ್ತು ಅಷ್ಟೇ, ಇದು ನನಗೆ ಗೊತ್ತು, ಲೋಲಾಕಿನ ಒಡತಿಗಿಂತ ಚೆನ್ನಾಗಿ ಗೊತ್ತು, ಲೋಲಕ, ಲೋಲಾಕು, ಕಿವಿಯದ್ದು ಅವಳಿಗೆ ಹೋಯಿತು ಪುಸ್ತಕದ್ದು ನನಗೆ ಬಂತು ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ, ಈಗ ಪುಸ್ತಕದ್ದೂ ಅವಳಿಗೇ, ನನ್ನ ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ, ಅದು ಆಡುವುದಿಲ್ಲ. ವಿಜ್ಞಾನ ಪ್ರದರ್ಶನಕ್ಕೆಂದು ಹಗರಿಬೊಮ್ಮನಹಳ್ಳಿಯ ಈ ಶಾಲೆಯ ತುಂಬ ಬೆಂಚುಗಳನ್ನು ಗೋಡೆಗೆ ಒತ್ತಿ ಜೋಡಿಸಿದ್ದಾರೆ, ಕೂಡ್ಲಿಗಿಯವರದು ಹೊಗೆ ಬಿಡುವ ಜ್ವಾಲಾಮುಖಿ, ಹಡಗಲಿಯವರದು ಥರ್ಮಾಕೋಲಿನ ಹೃದಯ, ಕೆಂಪು ಬಣ್ಣ ಇನ್ನೂ ಒಣಗಿಲ್ಲ, ಮುಟ್ಟಿದವರ ಕೈಗೆಲ್ಲ ಹತ್ತುತ್ತಿದೆ, ನಮ್ಮದು ಎರಡು ಗೂಟ, ಗೂಟದಿಂದ ಗೂಟಕ್ಕೆ ಒಂದು ಹುರಿದಾರ, ಅದರಿಂದ ಸಾಲಾಗಿ ಇಳಿಬಿದ್ದ ಸಣ್ಣ ನಟ್ಟುಗಳು, ಒಂದೊಂದರ ದಾರ ಒಂದೊಂದು ಉದ್ದ, ಕೊನೆಗೆ ಅರ್ಧ ಕಿಲೋದ ತೂಕದ ಗುಂಡು. ಗುಂಡನ್ನು ಎಳೆದು ಬಿಟ್ಟರೆ ಹುರಿದಾರ ಅಲುಗುತ್ತದೆ, ನಟ್ಟುಗಳೆಲ್ಲ ಒಂದಿಷ್ಟು ನಡುಗುತ್ತವೆ, ಗುಂಡಿನಷ್ಟೇ ಉದ್ದದ ದಾರದ ಒಂದೇ ಒಂದು ನಟ್ಟು ಮಾತ್ರ ಯಾರೂ ಮುಟ್ಟದೆ ತೂಗಾಡತೊಡಗುತ್ತದೆ, ಗುಂಡಿಗೆ ಸಮಸಮ. ಗಂಗಾಧರ್ ಸಾರ್ ಬಂದು ಹೇಳಿಹೋದರು, ನಮ್ಮ ವಿಜ್ಞಾನದ ಮೇಷ್ಟ್ರು, ಇವತ್ತು ಇಸ್ತ್ರಿಯ ತಿಳಿನೀಲಿ ಅಂಗಿ, ಪುಷ್ಪಾ, ಸಾಹೇಬ್ರು ಬಂದಕೂಡ್ಲೆ ನಮಸ್ಕಾರ ಅನ್ನು, ಗಾಬ್ರಿ ಆಗಬ್ಯಾಡ, ಬಸಲಿಂಗಮ್ಮ, ನೀನು ಗುಂಡು ಎಳದು ಹಿಡ್ಕ, ನಾ ಅಂದಾಗ ಬಿಡು, ಅಷ್ಟ ನಿನ್ನ ಕೆಲಸ. ಅವಳು ಪುಷ್ಪಾ, ನಾನು ಬಸಲಿಂಗಮ್ಮ, ಹೆಸರನ್ನು ಪೂರ್ತಿ ಕರೆಯುವುದೂ ದೂರ ಇಡುವ ಒಂದು ರೀತಿ. ಸಾರ್, ಚೀಟ್ಯಾಗ ನನ್ನ ಹೆಸರು — ಜಾಗ ಇದ್ದಿಲ್ಲವ್ವ, ಮತ್ತ ಗೆದ್ರ ಬಳ್ಳಾರಿಗೆ ಒಬ್ರೇ ಹೋಗೋದು ಐತಿ, ಅಕಿ ಮಾತು ಶುದ್ಧ ಐತಿ, ನೀನು ಸಾಹೇಬ್ರ ಮುಂದ ಐತಿ-ಗೈತಿ ಅಂದ್ರ ಶಾಲೀದು ಏನು ಮರ್ಯಾದಿ ಐತಿ? ಐತಿ ಅನ್ನಬಾರದೆಂದು ಹೇಳುವಷ್ಟರಲ್ಲಿ ಅವರ ಬಾಯಿಂದ ಉದುರಿದ ಐತಿಗಳನ್ನು ಯಾವ ಸಾಹೇಬರು ಆರಿಸಿಕೊಳ್ಳಬೇಕು.

ಆ ಪಾಠದ ಮೊದಲ ದಿನದಿಂದಲೇ ಇದು ಹೀಗೆ. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಆಂದೋಲನ ಎಂದು ಬರೆದು, ಯಾರು ಹೇಳ್ತೀರಿ ಹಂಗಂದ್ರೇನಂತ, ಅಂದರು ಸಾರ್, ನನಗೆ ಮೈಯೆಲ್ಲ ಜುಂ ಅಂದಿತು, ಈ ಪದ ನಮ್ಮ ಮನೆಯದು, ಪ್ರತಿ ಭಾನುವಾರ ಅಪ್ಪನ ಓದುಗರ ಬಳಗ ನಮ್ಮ ಕಟ್ಟೆಯ ಮೇಲೆ ಕೂತು ಒಂದು ಪುಸ್ತಕವನ್ನು ಸರದಿಯ ಮೇಲೆ ಜೋರಾಗಿ ಓದುತ್ತದೆ, ಚಾ ಕುಡಿಯುತ್ತದೆ, ಜಗಳಾಡುತ್ತದೆ, ಆ ಜಗಳದಲ್ಲಿ ಹತ್ತು ಮಾತಿಗೊಮ್ಮೆ ಆಂದೋಲನ, ಕೈ ಎತ್ತಿದ್ದು ನಾನೊಬ್ಬಳೇ, ಎದ್ದು ನಿಂತು ಹೇಳಿದೆ, ಅನ್ಯಾಯ ಆದಾಗ ಜನ ಒಂದಾಗಿ ಬೀದಿಗೆ ಇಳಿಯೋದು ಸಾರ್. ಆ ನಗು. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ, ಮುಂದಿನದರಿಂದ ಹಿಂದಿನದಕ್ಕೆ, ಮತ್ತೆ ಮುಂದಕ್ಕೆ, ಸಾರೂ ನಕ್ಕರು, ಕೂಡವ್ವ ತಾಯಿ, ಇದು ಬೀದಿ ಆಂದೋಲನ ಅಲ್ಲ, ಲೋಲಕದ್ದು. ಅಂದಿನಿಂದ ನಾನು ಆಂದೋಲನ ಬಸಮ್ಮ. ಆಮೇಲೆ ಪುಷ್ಪಲತಾ ಎದ್ದಳು, ಜಡೆ ಮುಂದೆ ಬಿತ್ತು, ಒಂದು ನೆಲೆಯ ಎರಡೂ ಬದಿಗೆ ಮತ್ತೆ ಮತ್ತೆ ಹೋಗಿಬರುವ ಚಲನೆ ಸಾರ್, ನಮ್ಮನೆ ತೂಗುಮಣೆ ಹಾಗೇ, ನಾನು ಕೂತರೂ ಅಜ್ಜಿ ಕೂತರೂ ಹೋಗಿಬರೋಕೆ ಅಷ್ಟೇ ಹೊತ್ತು ಹಿಡಿಯುತ್ತೆ, ಭಾರ ಜಾಸ್ತಿಯಾದರೂ ಏನೂ ವ್ಯತ್ಯಾಸ ಇಲ್ಲ. ಸಾರಿನ ಮುಖ ಹಬ್ಬವಾಯಿತು. ಇಡೀ ತರಗತಿಯಲ್ಲಿ ನನ್ನನ್ನು ನೋಡಿ ನಗದೇ ಇದ್ದವಳು ಅವಳೊಬ್ಬಳೇ, ಅದಕ್ಕೂ ನನಗೆ ಹೊಟ್ಟೆ ಉರಿಯಿತು — ನಗದೇ ಇರುವಷ್ಟು ಸಿರಿವಂತಿಕೆ, ಯಾರನ್ನೂ ಕೆಳಗೆ ಹಾಕದೆಯೂ ಮೇಲೇ ಇರುವುದು, ಅದನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ? ಭೌತಶಾಸ್ತ್ರ ಅವಳ ಮನೆಯ ನಡುಮನೆಯಲ್ಲೇ ಹಿತ್ತಾಳೆ ಸರಪಳಿಯಿಂದ ತೂಗುಬಿದ್ದಿದೆ, ಸಂಜೆ ಕಾಲು ಚಾಚಿ ಅದರ ಮೇಲೆ ಕೂತರೆ ಸಾಕು, ತಿಳಿಯುತ್ತದೆ.

ನನಗೆ ತಿಳಿದದ್ದು ಜೋಲಿಯಿಂದ. ತಮ್ಮ ಹುಟ್ಟಿದ್ದು ಹೋದ ವರ್ಷ, ನನಗೆ ಅಜ್ಜಿಯ ಹೆಸರು ಇಟ್ಟು ಮುಗಿಸಿದ ಅಪ್ಪ ಅವನಿಗೆ ಬಳಗದವರನ್ನೆಲ್ಲ ಸೇರಿಸಿ ಚರ್ಚೆ ಮಾಡಿ ಕ್ರಾಂತಿಕುಮಾರ್ ಅಂತ ಇಟ್ಟ, ಎರಡು ಪಟ್ಟು ಉರಿ, ಕ್ರಾಂತಿಯೂ ಅವನಿಗೆ ಎದೆಹಾಲೂ ಅವನಿಗೆ, ತೂಗುವುದು ಮಾತ್ರ ನನಗೆ. ಪಡಸಾಲೆಯ ಬೊಂಬಿಗೆ ಅವ್ವನ ಹಳೆಯ ಸೀರೆಯ ಜೋಲಿ, ಅದೇ ಬೊಂಬಿನ ಇನ್ನೊಂದು ತುದಿಗೆ ಪಕ್ಕದ ಮನೆಯ ಅಂಜಿನಕ್ಕ ತನ್ನ ಮೊಮ್ಮಗಳಿಗೆ ಕಟ್ಟಿದ ಜೋಲಿ. ನಾನು ಕ್ರಾಂತಿಯನ್ನು ತೂಗುತ್ತಿದ್ದೆ, ಆ ಕೂಸನ್ನು ಅದರ ಅವ್ವ ಎತ್ತಿಕೊಂಡು ಹೋಗಿದ್ದಳು, ಜೋಲಿಯೊಳಗೆ ಮಡಿಸಿದ ಕೌದಿಯೊಂದೇ, ಆ ಖಾಲಿ ಜೋಲಿ ಮೆಲ್ಲಗೆ, ತಾನೇ, ಆಡತೊಡಗಿತು. ಅಂಜಿನಕ್ಕ ಒಳಗೆ ಬಂದವಳೇ ಬೈದಳು, ಏನಲೇ ಬಸಿ, ಖಾಲಿ ಜೋಲಿ ತೂಗಬಾರ್ದಂತ ಗೊತ್ತಿಲ್ಲೇನು, ಕೂಸಿಗೆ ಹೊಟ್ಟಿನೋವು ಬರ್ತೈತಿ. ನಾ ಮುಟ್ಟೇ ಇಲ್ಲ ಯಕ್ಕಾ. ಮುಟ್ಟಿಲ್ಲಂದ್ರ ನಿಮ್ಮಪ್ಪ ತೂಗ್ಯಾನೇನು? ನೋಡು, ನನ್ನೆರಡೂ ಕೈ ಇಲ್ಲೇ ಅದಾವು. ಅಂಜಿನಕ್ಕನ ಮುಖ ಸಣ್ಣದಾಯಿತು, ಹಂಗಾರ ದೆವ್ವನ ತೂಗಾಕತ್ತೈತಿ, ಎಂದವಳೇ ಸೀರೆಯನ್ನು ಎತ್ತಿ ಮೇಲಕ್ಕೆ ಬಿಗಿಯಾಗಿ ಒಂದು ಗಂಟು ಹಾಕಿದಳು, ಜೋಲಿ ಮೊಳದಷ್ಟು ಗಿಡ್ಡವಾಯಿತು, ನಾನು ಮತ್ತೆ ತೂಗಿದೆ, ಅದು ಸುಮ್ಮನೆ ಇತ್ತು, ನೋಡಿದ್ಯಾ ಹೋತು ದೆವ್ವ, ಎಂದು ಗೆದ್ದವಳ ಹಾಗೆ ಹೋದಳು. ಅವಳು ಹೋದಮೇಲೆ ನಾನು ಗಂಟು ಬಿಚ್ಚಿದೆ. ದೆವ್ವ ಬಂತು. ಕಟ್ಟಿದೆ. ಹೋಯಿತು. ಬಿಚ್ಚಿದೆ, ಬಂತು — ಉದ್ದ ಒಂದೇ ಆದಾಗ ಮಾತ್ರ ಬರುವ ದೆವ್ವ ಯಾವ ದೆವ್ವ, ಬೊಂಬು ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯುತ್ತಿದೆ, ಸಣ್ಣ ಸಣ್ಣ ನೂಕು, ಆದರೆ ಪ್ರತಿ ನೂಕೂ ಸರಿಯಾದ ಗಳಿಗೆಗೆ, ಅದಕ್ಕೇ ಆ ಜೋಲಿ ಕೇಳಿಸಿಕೊಳ್ಳುತ್ತದೆ, ಗಿಡ್ಡ ಜೋಲಿಗೆ ಅದೇ ನೂಕು ಅಡ್ಡಾದಿಡ್ಡಿ ಬೀಳುತ್ತದೆ, ಅದು ಕೇಳಿಸಿಕೊಳ್ಳುವುದಿಲ್ಲ — ಆ ಮಧ್ಯಾಹ್ನ ಲೋಕದಲ್ಲಿ ಇದು ನನಗೊಬ್ಬಳಿಗೇ ಗೊತ್ತಿತ್ತು ಎನ್ನುವ ಸುಖ, ಕ್ರಾಂತಿ ಅಳುತ್ತಿದ್ದರೂ ನಾನು ಎತ್ತಿಕೊಳ್ಳಲಿಲ್ಲ.

ಮರುದಿನ ಹೋಗಿ ಅವಳಿಗೇ ಯಾಕೆ ಹೇಳಿದೆ? ಬೇರೆ ಯಾರಿಗೆ ಹೇಳಲಿ, ಉಳಿದವರು ಆಂದೋಲನ ಬಸಮ್ಮ ದೆವ್ವ ಹಿಡದಾಳ ಅಂದಿರುತ್ತಿದ್ದರು, ಅವಳು ಕಣ್ಣು ಅಗಲಿಸಿ ಕೇಳಿದಳು, ಇನ್ನೊಂದ್ಸಲ ಹೇಳೇ, ಅಂದಳು, ಆಮೇಲೆ ಅಂದಳು, ಅನುರಣನ, ಅದಕ್ಕೆ ಅನುರಣನ ಅಂತಾರೆ, ದಾವಣಗೆರೆಯಲ್ಲಿ ನಮ್ಮ ಮಾವ ಹೇಳಿಕೊಟ್ಟಿದ್ದ. ಕಂಡದ್ದು ನಾನು, ಹೆಸರು ಅವಳ ಹತ್ತಿರ ಮೊದಲೇ ಇತ್ತು, ಮಡಿಸಿಟ್ಟ ಬಟ್ಟೆಯ ಹಾಗೆ, ಎಷ್ಟು ಚಂದದ ಪದ, ಅದನ್ನು ಅವಳ ಬಾಯಿಂದ ಕಿತ್ತುಕೊಳ್ಳಬೇಕು ಅನ್ನಿಸಿತು. ಅಪ್ಪ ಲೈನ್‌ಮನ್, ಅವನ ಚೀಲದ ನಟ್ಟುಗಳನ್ನು ಬೇಡಿ ತಂದೆ, ಗೂಟ ಕೆತ್ತಿದೆ, ದಾರ ಅಳೆದೆ, ಹಗುರ ಕಲ್ಲು ಕಟ್ಟಿದರೆ ಹುರಿದಾರ ಅಲುಗಲೇ ಇಲ್ಲ, ಭಾರದ್ದು ಬೇಕಿತ್ತು, ನಮ್ಮಂಗಡೀಲಿ ತೂಕದ ಗುಂಡು ಇದಾವೆ ಬಾರೇ, ಅಂದಳು ಅವಳೇ, ಹೋದೆ. ಅವಳ ಅಜ್ಜಿ ತಿಪ್ಪೇರುದ್ರಮ್ಮ ತೂಗುಮಣೆಯಿಂದ ಆಗಷ್ಟೇ ಎದ್ದಿದ್ದಳು, ಮಣೆ ಇನ್ನೂ ಆಡುತ್ತಿತ್ತು, ಖಾಲಿ, ಅದಕ್ಕೆ ಯಾರೂ ಹೆದರಲಿಲ್ಲ, ಬಾರೇ ಕೂತ್ಕೋ, ಅಂದಳು ಪುಷ್ಪಾ ಮಣೆ ತಟ್ಟಿ, ಅಜ್ಜಿ ಮೆತ್ತಗೆ, ಎಷ್ಟು ಮೆತ್ತಗೆ, ಬ್ಯಾಡವ್ವ, ಸರಪಳಿ ಸವದೈತಿ, ಇಬ್ರು ಕುಂತ್ರ ಹರೀತೈತಿ, ಅಲ್ಲೇ ಹೊರಗ ಕಟ್ಟಿಮ್ಯಾಲೆ ಗಾಳಿ ಚಲೋ ಬರ್ತೈತಿ ಕುಂದ್ರವ್ವ. ಬೆರಳು ಗಾತ್ರದ ಹಿತ್ತಾಳೆ ಸರಪಳಿ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಬಾಗಿಲ ಸಂದಿಯಿಂದ ನೋಡಿದೆ, ಪುಸ್ತಕ ಹೇಳುತ್ತದೆ, ಲೋಲಕವನ್ನು ಅದರ ನೆಲೆಯಿಂದ ಎಷ್ಟು ದೂರ ಎಳೆಯುತ್ತೇವೋ ಅದನ್ನು ಮರಳಿ ನೆಲೆಗೆ ಸೆಳೆಯುವ ಬಲವೂ ಅಷ್ಟು ಹೆಚ್ಚು, ಈ ಒಂದು ವಾಕ್ಯ ನನಗೆ ಓದಿದ ಕೂಡಲೇ ಬಾಯಿಪಾಠ ಬಂದಿತ್ತು, ಹೊಸಿಲ ತನಕ ಹೋದರೆ ಮೆಲ್ಲಗೆ ಎಳೆಯುತ್ತಾರೆ, ಮಣೆಯ ತನಕ ಹೋದರೆ ಜೋರಾಗಿ, ನೆಲೆ, ನೆಲೆ, ಯಾರು ಗುರುತು ಹಾಕಿದ ನೆಲೆ? ಪುಷ್ಪಾ ಗುಂಡು ತಂದುಕೊಟ್ಟಳು. ಆ ಗುಂಡಿನ ಮೇಲೆ ನಿಂತಿದೆ ಈಗ ಸಾರಿನ ಕಾನೂನು, ಗುಂಡು ಅವರ ಅಂಗಡೀದಲ್ಲೇನವ್ವ, ಹೆಸರೂ ಅವರದಿರಲಿ.

ನಿನ್ನೆ ಸಂಜೆ ಮನೆಯಲ್ಲಿ ಹೇಳಿದೆ, ಸಾರ್ ಪುಷ್ಪಾಗ ಮಾತಾಡಾಕ ಹೇಳ್ಯಾರ ಅಂತ. ಅಪ್ಪ ಅನ್ನದ ತಟ್ಟೆ ಸರಿಸಿ ಎದ್ದ, ಬಳಗದಿಂದ ಒಂದು ಮನವಿ ಕೊಡೋಣು, ಎಂದ. ಅವ್ವ ಅಂದಳು, ಉಣ್ರಿ ಸುಮ್ನ, ನಿಮ್ಮ ಮನವಿ ಓದಿ ಅವ್ರು ಹುಡುಗೀನ ಫೇಲ್ ಮಾಡಿದ್ರ? ಬಿಟ್ಬಿಡವ್ವ ಬಸಿ, ಹೊಟ್ಟಿಕಿಚ್ಚು ಪಡಬಾರ್ದು, ಅವ್ರು ಉಳ್ಳವ್ರು. ಹೊಟ್ಟಿಕಿಚ್ಚು ಅನ್ನಬ್ಯಾಡ ಅದಕ್ಕ, ಹಕ್ಕು ಅನ್ನು, ಎಂದು ಅಪ್ಪ ಕೂಗಿದ, ಕ್ರಾಂತಿ ಎಚ್ಚರಾಗಿ ಅತ್ತ. ಇಲ್ಲಪ್ಪ, ನಿನ್ನ ಪುಸ್ತಕದಲ್ಲಿ ಬರೆದಿರುವಷ್ಟು ಸ್ವಚ್ಛ ಅಲ್ಲ ನನ್ನೊಳಗಿನದು, ಹಕ್ಕು ಅದರಲ್ಲಿ ಅರ್ಧ, ಉಳಿದರ್ಧ ಹೊಟ್ಟೆಕಿಚ್ಚೇ, ಸಾಚಾ ಹೊಟ್ಟೆಕಿಚ್ಚು, ಅವಳ ಲೋಲಾಕು ಬೇಕು ನನಗೆ, ದಾವಣಗೆರೆಯ ಮಾವ ಬೇಕು, ಸಾರ್ ಪುಷ್ಪಾ ಅಂತ ಕರೆಯುವಾಗ ದನಿ ಇಳಿಯುತ್ತದಲ್ಲ ಆ ಇಳಿತ ಬೇಕು, ಇವತ್ತು ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ದಾರಗಳು ಸಿಕ್ಕಾಗದಂತೆ ಇದನ್ನು ತೊಡೆಯ ಮೇಲೆ ಎತ್ತಿಹಿಡಿದು ಕೂತಿದ್ದೆ, ಯಾರ ಮದ್ವಿಗೆ ತೋರಣ ಒಯ್ಯಾಕತ್ತೀರಿ, ಎಂದು ಕಂಡಕ್ಟರ್ ಕೇಳಿದ್ದಕ್ಕೆ ಅವಳು ನಕ್ಕಳು, ಎಷ್ಟು ಹಗುರ ನಗು, ಆ ನಗು ಬೇಕು. ಚೀಟಿ ನೋಡಿದ ಕೂಡಲೇ ಅವಳ ಮುಖ ಕೆಂಪಾಯಿತು, ನಾ ಹೇಳ್ಲಿಲ್ಲೇ ಬಸಿ, ಸಾರೇ ಬರೆದಿದ್ದು, ಬೇಕಾದ್ರೆ ಕೊನೆಗೆ ನೀನೂ ಎರಡು ಮಾತು ಹೇಳು. ಎರಡು ಮಾತು. ತನ್ನ ತಟ್ಟೆಯಿಂದ ತೆಗೆದು ನನ್ನ ಎಲೆಗೆ. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು.

ಬಂದರು. ಬಹುಮಾನ ತೀರ್ಮಾನಿಸುವ ಸಾಹೇಬರು, ಸಫಾರಿ, ಹಿಂದೆ ಇಬ್ಬರು ಮೇಡಮ್ಮುಗಳು, ಹೃದಯದ ಕೆಂಪು ಸಾಹೇಬರ ಬೆರಳಿಗೆ ಹತ್ತಿದೆ, ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದಾರೆ, ಸಾರ್ ಬಾಗಿ ನಿಂತಿದ್ದಾರೆ, ಇವಳು ನಮ್ಮ ಪುಷ್ಪಲತಾ ಸಾರ್, ಇವಳದೇ ತಯಾರಿ, ಎನ್ನುತ್ತಾರೆ, ಅವರ ಮಾತೂ ಈಗ ಶುದ್ಧ. ಈ ಹುಡುಗಿ? ಸಹಾಯಕ್ಕೆ ಸಾರ್. ಗುಂಡು ಎಳಿ ಬಸಲಿಂಗಮ್ಮ. ಎಳೆಯುತ್ತೇನೆ, ತಣ್ಣಗಿನ ಕಬ್ಬಿಣ, ದಾರ ಓರೆಯಾಗಿ ಬಿಗಿಯಾಗುತ್ತದೆ, ಇನ್ನೂ ಎಳೆಯುತ್ತೇನೆ, ಅದು ಬೆರಳನ್ನು ಜಗ್ಗುತ್ತದೆ, ನೆಲೆಗೆ ನೆಲೆಗೆ ಎಂದು ಜಗ್ಗುತ್ತದೆ, ಪುಷ್ಪಾಳ ದನಿ ಶುರುವಾಗಿದೆ, ಇದು ಅನುರಣನದ ಮಾದರಿ, ಆಂದೋಲಿಸುವ ಒಂದು ವಸ್ತು ತನ್ನದೇ ಆವೃತ್ತಿಯ ಇನ್ನೊಂದು ವಸ್ತುವನ್ನು, ಸರಿಯಾಗೇ ಹೇಳುತ್ತಿದ್ದಾಳೆ, ಒಂದು ಅಕ್ಷರ ತಪ್ಪಿಲ್ಲ, ತಪ್ಪಲಿ ತಪ್ಪಲಿ ಎಂದು ಕಾಯುತ್ತಿದ್ದೇನೆ, ತಪ್ಪುತ್ತಿಲ್ಲ, ಈಗ ಗುಂಡನ್ನು ಬಿಟ್ಟರೆ ಯಾವ ಲೋಲಕ ಚಲಿಸುತ್ತದೆ ಎಂದು ತಾವೇ ನೋಡಬಹುದು — ಬಿಡು, ಎನ್ನುತ್ತಾರೆ ಸಾರ್. ಕೈ ಬಿಡುವುದಿಲ್ಲ. ನಾನು ಹೇಳಿದ್ದೋ ಕೈಯೇ ತೀರ್ಮಾನಿಸಿದ್ದೋ. ಬಿಡವ್ವ. ನಟ್ಟುಗಳೆಲ್ಲ ಸುಮ್ಮನೆ ನೇತುಬಿದ್ದಿವೆ, ಅಲುಗಾಟವೇ ಇಲ್ಲ, ಸಾಹೇಬರು ಕರವಸ್ತ್ರ ಮಡಿಸುವುದನ್ನು ನಿಲ್ಲಿಸಿದ್ದಾರೆ, ಬಿಡೇ ಬಸಿ, ಎನ್ನುತ್ತಾಳೆ ಪುಷ್ಪಾ ಪಿಸುದನಿಯಲ್ಲಿ, ಅವಳ ಕಿವಿಯ ಲೋಲಾಕೂ ನಿಂತಿವೆ, ಮೊದಲ ಸಲ, ಬಸಲಿಂಗಮ್ಮ ಕಿವಿ ಕೇಳಸ್ತಿಲ್ಲೇನು, ಗುಂಡು ಬಿಡು ಅಂದೆ, ಶುದ್ಧ ಮಾತು ಮುಗಿಯಿತು ಸಾರಿನದು, ಇದನ್ನ ಕಟ್ಟಿದಾಕಿ ನಾನು ಸಾರ್, ಎನ್ನುತ್ತೇನೆ, ಬಿಡೂದಿಲ್ಲ. ದಾರ ಓರೆ. ಗುಂಡು ಭಾರ. ಬೆರಳ ತುದಿ ಬೆಳ್ಳಗಾಗಿದೆ, ಜಗ್ಗುತ್ತಿದೆ, ದಾರ ಓರೆಯಾಗಿಯೇ, ನಾನು ಹಿಡಿದಷ್ಟು ಹೊತ್ತು ಓರೆಯಾಗಿಯೇ — ಬಿಡೂದಿಲ್ಲ ಸಾರ್ —